ಓದುಗರ ಪ್ರಶ್ನೆಗೆ ಉತ್ತರ: ಫೋನ್ ಕಿತ್ಕೊಂಡ್ರೆ ಮಕ್ಳು ಬಾಯಿ ಮುಚ್ಕೋತಾರೆ

ಈ ಸಲ ಬಂದಿರೋ ಪತ್ರ, ಮೇಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು, ಫೋನು, ಇನ್‌ಸ್ಟಾ ಇವೇ, ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದೀನಿ. ಹೆಸರು ಯಾರದ್ದೂ ಹಾಕಿಲ್ಲ, ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿದೀನಿ. ಒಂದು ಪತ್ರ ಮಾತ್ರ ಸರದಿ ಬಿಟ್ಟು ಮೊದ್ಲು ತಗೋತಿದೀನಿ, ಯಾಕೆ ಅಂತ ಓದಿದ್ರೆ ಗೊತ್ತಾಗುತ್ತೆ.

ಪ್ರಶ್ನೆ: ಮೇಡಂ, ನಂಗೆ 16 ವರ್ಷ, ಫಸ್ಟ್ ಪಿಯು. ಇನ್‌ಸ್ಟಾದಲ್ಲಿ ಒಂದು ಹುಡುಗಿ ರಿಕ್ವೆಸ್ಟ್ ಕಳ್ಸಿದ್ಲು, ನಮ್ ಕಾಲೇಜಿನ ಇಬ್ರು ಮ್ಯೂಚುಯಲ್ ಇದ್ರು ಅಂತ ಆಕ್ಸೆಪ್ಟ್ ಮಾಡ್ದೆ. ಸ್ವಲ್ಪ ದಿನ ಚಾಟ್ ಆಯ್ತು, ಆಮೇಲೆ ವಿಡಿಯೋ ಕಾಲ್, ಏನಾಯ್ತು ಅಂತ ನಿಮಗೇ ಅರ್ಥ ಆಗುತ್ತೆ. ಈಗ ಆ ವಿಡಿಯೋನ ನನ್ ಫಾಲೋವರ್ಸ್‌ಗೆಲ್ಲಾ ಕಳಿಸ್ತೀವಿ ಅಂತ ದುಡ್ಡು ಕೇಳ್ತಿದಾರೆ. ಅಮ್ಮನ ಫೋನಿಂದ 3 ಸಾವಿರ ಹಾಕ್ದೆ, ಈಗ ಮತ್ತೆ 10 ಸಾವಿರ ಅಂತಿದಾರೆ. ಅಪ್ಪಂಗೆ ಗೊತ್ತಾದ್ರೆ ನನ್ ಕಥೆ ಮುಗೀತು. ಇರೋದೇ ಬೇಡ ಅನ್ಸ್ತಿದೆ.

ಉತ್ತರ: ಮರೀ, ನೀನು ನಂಬರ್ ಕೊಟ್ಟಿಲ್ಲ, ಇಲ್ದಿದ್ರೆ ಇದನ್ನ ಫೋನಲ್ಲೇ ಹೇಳ್ತಿದ್ದೆ. ಇರೋದೇ ಬೇಡ ಅಂತ ಬರ್ದಿದೀಯಲ್ಲ, ಅದಕ್ಕೆ ಮೊದ್ಲು 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದೇ, ದುಡ್ಡಿಲ್ಲ, ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಇಲ್ಲಾಂದ್ರೆ ಮಕ್ಕಳ ಸಹಾಯವಾಣಿ 1098. ಇದನ್ನ ಓದಿ ಮುಗಿಸೋಕೂ ಮುಂಚೆ ಫೋನ್ ಮಾಡಿದ್ರೂ ಸರಿ, ಮಿಕ್ಕಿದ್ದು ಆಮೇಲೆ ಓದು.

ಈಗ ಆ "ಹುಡುಗಿ" ವಿಷಯ. ಅಲ್ಲಿ ಹುಡುಗಿ ಅಂತ ಯಾರೂ ಇರೋ ಸಾಧ್ಯತೆ ಬಹಳ ಕಮ್ಮಿ. ಮೊದ್ಲೇ ರೆಕಾರ್ಡ್ ಆಗಿರೋ ಯಾವುದೋ ವಿಡಿಯೋನ ಕಾಲ್‌ನಲ್ಲಿ ಓಡಿಸ್ತಾರೆ, ಈ ಕಡೆ ನಿನ್ನನ್ನ ರೆಕಾರ್ಡ್ ಮಾಡ್ಕೋತಾರೆ, ಇದೇ ದಂಧೆ ಮಾಡೋ ಗ್ಯಾಂಗ್‌ಗಳಿವೆ. ಮ್ಯೂಚುಯಲ್ ಇದ್ರು ಅಂದ್ಯಲ್ಲ, ಅವ್ರೂ ನಿನ್ ಹಾಗೇ ರಿಕ್ವೆಸ್ಟ್ ಆಕ್ಸೆಪ್ಟ್ ಮಾಡಿದವ್ರೇ ಇರ್ತಾರೆ. ಇನ್ನೂ ಒಂದು ಆಗ್ಬಹುದು, ಇವತ್ತೋ ನಾಳೆಯೋ "ಸೈಬರ್ ಪೊಲೀಸ್ ಮಾತಾಡ್ತಿರೋದು, ನಿನ್ ಮೇಲೆ ಕಂಪ್ಲೇಂಟ್ ಬಂದಿದೆ, ಸೆಟ್ಲ್ ಮಾಡ್ಕೋ" ಅಂತ ಇನ್ನೊಬ್ಬ ಫೋನ್ ಮಾಡ್ತಾನೆ, ಡಿಪಿಯಲ್ಲಿ ಯೂನಿಫಾರ್ಮ್ ಇರುತ್ತೆ, ಅವ್ನೂ ಅದೇ ಗ್ಯಾಂಗು. ಪೊಲೀಸ್ನೋರು ಫೋನ್ ಮಾಡಿ ಯುಪಿಐಗೆ ದುಡ್ಡು ಹಾಕು ಅನ್ನಲ್ಲ.

ಒಂದು ರೂಪಾಯಿನೂ ಇನ್ಮೇಲೆ ಹಾಕ್ಬೇಡ. 3 ಕೊಟ್ಟಿದ್ದಕ್ಕೇ 10 ಕೇಳಿರೋದು. ಚಾಟ್ ಡಿಲೀಟ್ ಮಾಡ್ಬೇಡ, ಅವ್ರ ಪ್ರೊಫೈಲು, ಯೂಸರ್‌ನೇಮು, ಬೆದರಿಕೆ ಮೆಸೇಜು, ದುಡ್ಡು ಹಾಕಿದ ಯುಪಿಐ ಐಡಿ, ಟ್ರಾನ್ಸಾಕ್ಷನ್ ನಂಬರು ಎಲ್ಲಾ ಸ್ಕ್ರೀನ್‌ಶಾಟ್ ತಗೊಂಡು ಆಮೇಲೆ ಬ್ಲಾಕ್ ಮಾಡು. ದುಡ್ಡು ಹೋಗಿರೋದಕ್ಕೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಎಷ್ಟು ಬೇಗ ಮಾಡ್ತೀಯೋ ಆ ದುಡ್ಡನ್ನ ಬ್ಯಾಂಕಲ್ಲೇ ತಡೆಯೋ ಸಾಧ್ಯತೆ ಅಷ್ಟು ಜಾಸ್ತಿ. ವಿಡಿಯೋ ಹರಡುತ್ತೆ ಅನ್ನೋ ಭಯಕ್ಕೆ ಟೇಕ್ ಇಟ್ ಡೌನ್ ಅಂತ ಒಂದು ಸೈಟ್ ಇದೆ, 18 ತುಂಬದವ್ರಿಗೇ ಅಂತ ಮಾಡಿರೋದು, ಅಮೆರಿಕದ ಎನ್‌ಸಿಎಂಇಸಿ ಅನ್ನೋ ಮಕ್ಕಳ ಸಂಸ್ಥೆ ನಡೆಸುತ್ತೆ. ಅಲ್ಲಿ ವಿಡಿಯೋ ಅಪ್‌ಲೋಡ್ ಮಾಡ್ಬೇಕಾಗಿಲ್ಲ, ನಿನ್ ಫೋನಲ್ಲೇ ಅದಕ್ಕೆ ಒಂದು ಡಿಜಿಟಲ್ ಗುರುತು ಹುಟ್ಟುತ್ತೆ, ಆ ಗುರುತು ಮಾತ್ರ ಇನ್‌ಸ್ಟಾ, ಫೇಸ್‌ಬುಕ್ ಥರದ ಕಂಪನಿಗಳಿಗೆ ಹೋಗುತ್ತೆ, ಅದೇ ಫೈಲ್ ಅಲ್ಲಿ ಕಾಣಿಸ್ಕೊಂಡ್ರೆ ತೆಗೀತಾರೆ. ಫೈಲ್ ನಿನ್ ಹತ್ರ ಇದ್ರೆ ಮಾತ್ರ ಇದು ಆಗೋದು, ಹೆದರಿಸೋಕೆ ಅಂತ ಅವ್ರೇ ನಿಂಗೆ ಕಳ್ಸಿದ್ರೆ ಅದನ್ನ ಬಳಸ್ಬಹುದು. ವಾಟ್ಸಾಪ್ ಒಳಗೆ ಇದು ನಡೆಯಲ್ಲ, ಅದನ್ನೂ ಹೇಳ್ಬಿಡ್ತೀನಿ.

ಮತ್ತೆ, ನೀನು ಇದ್ರಲ್ಲಿ ತಪ್ಪಿತಸ್ಥ ಅಲ್ಲ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ ಪೋಕ್ಸೋ ಕಾನೂನು ಹುಡುಗೀರಿಗೆ ಮಾತ್ರ ಅನ್ಕೊಂಡಿದಾರೆ ಜನ, ಅಲ್ಲ, 18ರ ಒಳಗಿನ ಹುಡುಗ್ರಿಗೂ ಅದೇ ಕಾನೂನು. ನಿನ್ ಹೇಳಿಕೆ ತಗೊಳೋಕೆ ನಿನ್ನನ್ನ ಸ್ಟೇಷನ್ ಬೆಂಚ್ ಮೇಲೆ ಕೂರಿಸ್ಬೇಕು ಅಂತಿಲ್ಲ, ಮನೆಗೇ ಬರ್ಬೇಕು, ಯೂನಿಫಾರ್ಮ್ ಹಾಕ್ಕೊಂಡು ಬರೋ ಹಾಗಿಲ್ಲ, ನೀನು ನಂಬೋರು ಒಬ್ರು ಪಕ್ಕದಲ್ಲಿರ್ಬೇಕು, ಇದೆಲ್ಲಾ ಆ ಕಾನೂನಲ್ಲೇ ಬರೆದಿದೆ. ಅಪ್ಪಂಗೆ ಹೇಳೋಕಾಗಲ್ಲ ಅಂದ್ರೆ ಅಮ್ಮಂಗೆ ಹೇಳು, ಆಗಲ್ಲ ಅಂದ್ರೆ ಮಾವ, ಚಿಕ್ಕಮ್ಮ, ಕಾಲೇಜಿನ ಯಾವುದಾದ್ರೂ ಲೆಕ್ಚರರ್, ಯಾರಾದ್ರೂ ಒಬ್ರು ದೊಡ್ಡೋರು. ಬಾಯಲ್ಲಿ ಬರಲ್ಲ ಅಂದ್ರೆ ಈ ಪುಟ ತೋರ್ಸು, "ಇದು ನಾನೇ ಬರೆದಿರೋದು" ಅಂದ್ರೆ ಸಾಕು. ಇವತ್ತೇ.

ಇದನ್ನ ಓದ್ತಿರೋ ಅಪ್ಪಂದಿರೇ, ಆ ಹುಡುಗ ವಿಡಿಯೋಗಿಂತ ಜಾಸ್ತಿ ಹೆದರಿರೋದು ಅಪ್ಪಂಗೆ, ಗಮನಿಸಿದ್ರಾ?

ಪ್ರಶ್ನೆ: ನಮಸ್ಕಾರ ಮೇಡಂ, ನಾವು ಹಾಸನದ ಹತ್ರ. ಮಗಳು ಒಂಬತ್ತನೇ ಕ್ಲಾಸು. ಕ್ಲಾಸಿನ ಮಕ್ಕಳದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ಟೀಚರ್ ಯಾರೂ ಇಲ್ಲ. ಸ್ಕೂಲ್ ಟ್ರಿಪ್‌ನಲ್ಲಿ ಇವ್ಳು ಊಟ ಮಾಡ್ತಿರುವಾಗ ಯಾರೋ ತೆಗೆದ ಫೋಟೋನ ಸ್ಟಿಕ್ಕರ್ ಮಾಡಿದಾರೆ, ಮೇಲೆ "ಇನ್ನೊಂದ್ ಪ್ಲೇಟ್" ಅಂತ ಬರ್ದಿದಾರೆ. ಯಾರು ಏನೇ ಮೆಸೇಜ್ ಹಾಕ್ಲಿ ಕೆಳಗೆ ಆ ಸ್ಟಿಕ್ಕರ್ ಬೀಳುತ್ತೆ. ಇವ್ಳು ನಮ್ಗೆ ಹೇಳೇ ಇಲ್ಲ, ಅಕ್ಕನ ಮಗ ಹೇಳಿದ್ದು. ಸೋಮವಾರ ಬಂದ್ರೆ ಹೊಟ್ಟೆನೋವು ಅಂತಾಳೆ. ನಮ್ಮನೆಯವ್ರು ಫೋನ್ ಕಿತ್ತು ಬೀರುವಲ್ಲಿಡು, ಗ್ರೂಪಿಂದ ಎಕ್ಸಿಟ್ ಆಗ್ಲಿ, ಎಲ್ಲಾ ಸರಿ ಹೋಗುತ್ತೆ ಅಂತಾರೆ. ಪೊಲೀಸ್ ಕಂಪ್ಲೇಂಟ್ ಕೊಡೋದಾ?

ಉತ್ತರ: ಫೋನ್ ಬೀರುಗೆ ಹೋಗೋದು ಬೇಡ. ನಿಮ್ಮನೆಯವ್ರು ಮಗಳ ಮೇಲಿನ ಪ್ರೀತಿಗೇ ಹೇಳ್ತಿದಾರೆ, ಒಪ್ತೀನಿ, ಆದ್ರೆ ಆ ಹುಡುಗಿಗೆ ಏನನ್ಸುತ್ತೆ ಅಂದ್ರೆ ನನ್ನ ಗೋಳಾಡಿಸಿದವ್ರ ಫೋನ್ ಅವ್ರ ಕೈಲೇ ಇದೆ, ನನ್ನದು ಮಾತ್ರ ಹೋಯ್ತು, ಇನ್ಮೇಲೆ ಏನಾದ್ರೂ ಆದ್ರೆ ಮನೇಲಿ ಬಾಯಿ ಬಿಡ್ಬಾರ್ದು. ನನ್ ಹತ್ರ ಕೌನ್ಸೆಲಿಂಗ್‌ಗೆ ಬರೋ ಮಕ್ಕಳಲ್ಲಿ "ಅಮ್ಮಂಗೆ ಯಾಕೆ ಹೇಳ್ಲಿಲ್ಲ" ಅಂತ ಕೇಳಿದ್ರೆ ಬೈತಾರೆ ಅಂತ ಹೇಳೋರು ಕಮ್ಮಿ, ಫೋನ್ ತಗೊಂಡ್ಬಿಡ್ತಾರೆ ಅಂತಾನೇ ಹೆಚ್ಚಿನವ್ರು ಹೇಳೋದು. ಗ್ರೂಪಿಂದ ಹೊರಗೆ ಬಂದ್ರೂ ಸ್ಟಿಕ್ಕರ್ ನಿಲ್ಲಲ್ಲ, ಅದು ಈಗಾಗ್ಲೇ ಹತ್ತಾರು ಮಕ್ಕಳ ಫೋನಲ್ಲಿ ಫೇವರಿಟ್ಸ್‌ನಲ್ಲಿ ಕೂತಿದೆ, ಬೇರೆ ಗ್ರೂಪಲ್ಲೂ ಓಡಾಡ್ತಿರುತ್ತೆ. ಹೊರಗೆ ಬಂದವ್ಳಿಗೆ ಒಳಗೆ ಏನ್ ನಡೀತಿದೆ ಅಂತ ಗೊತ್ತಾಗದೆ ಇನ್ನೂ ಒದ್ದಾಟ. ಅವ್ಳಿಗೇ ಬೇಡ ಅನ್ಸಿದ್ರೆ ಎಕ್ಸಿಟ್ ಆಗ್ಲಿ, ಇಲ್ಲಾ ಮ್ಯೂಟ್ ಮಾಡಿ ಇಟ್ಕೊಳ್ಳಿ, ಅದು ಅವ್ಳ ತೀರ್ಮಾನ.

ಹೊಟ್ಟೆನೋವು ನಾಟಕ ಅಲ್ಲ, ನಿಜವಾಗ್ಲೂ ನೋಯುತ್ತೆ. ಅದಕ್ಕಿಂತ ಒಂದು ಕೆಲ್ಸ ಮಾಡಿ, ಒಂದು ವಾರ ಅವ್ಳ ಟಿಫಿನ್ ಬಾಕ್ಸ್ ನೋಡಿ. ಸ್ಟಿಕ್ಕರ್ ಊಟದ ಮೇಲೇ ಇರೋದು, ಆ ಮಗು ಈಗ ಅವ್ರ ಮುಂದೆ ಬಾಕ್ಸ್ ತೆಗೀತಿದಾಳೋ ಇಲ್ವೋ. ಹಾಗೇ ವಾಪಸ್ ಬರ್ತಿದ್ರೆ, ಇಲ್ಲಾ ಅನುಮಾನ ಬರೋ ಹಾಗೆ ತೊಳೆದಿಟ್ಟಂಗೆ ಖಾಲಿ ಬರ್ತಿದ್ರೆ, ಬೈಯೋಕೆ ಹೋಗ್ಬೇಡಿ, ಆದ್ರೆ ವಿಷಯ ನೀವು ಅನ್ಕೊಂಡಿದ್ದಕ್ಕಿಂತ ಆಳಕ್ಕೆ ಹೋಗಿದೆ ಅಂತ ತಿಳ್ಕೊಳ್ಳಿ.

ಅವ್ಳ ಜೊತೆ ಮಾತಾಡುವಾಗ "ಅದಕ್ಕೆಲ್ಲಾ ತಲೆ ಕೆಡಿಸ್ಕೋಬೇಡ" ಅನ್ನೋ ಮಾತು ಬೇಡ ದಯವಿಟ್ಟು. ನಮ್ ಕಾಲದಲ್ಲೂ ಅಡ್ಡ ಹೆಸರು ಇಡ್ತಿದ್ರು, ನಿಜ, ಆದ್ರೆ ನಾಲ್ಕೂವರೆ ಬೆಲ್ ಹೊಡೆದ್ರೆ ಅವ್ರು ಅವ್ರ ಮನೆಗೆ ನಾವು ನಮ್ ಮನೆಗೆ. ಈ ಮಗುಗೆ ರಾತ್ರಿ ಹನ್ನೊಂದಕ್ಕೂ ದಿಂಬಿನ ಪಕ್ಕ ಕ್ಲಾಸು ನಡೀತಾನೇ ಇದೆ. ಬದಲು ಒಂದು ಪ್ರಶ್ನೆ ಕೇಳಿ, ಆ ಗ್ರೂಪಲ್ಲಿ ಸ್ಟಿಕ್ಕರ್ ಹಾಕದೇ ಇರೋರು ಯಾರ್ಯಾರು? ಇರ್ತಾರೆ, ಸುಮ್ನೆ ನೋಡ್ಕೊಂಡು ಕೂತಿರೋ ಮಕ್ಕಳೇ ಜಾಸ್ತಿ ಇರ್ತಾರೆ. ಅವ್ರಲ್ಲಿ ಒಬ್ಳನ್ನ ಶನಿವಾರ ಮನೆಗೆ ಕರೀರಿ. ಬುಲ್ಲಿಯಿಂಗ್ ನಿಲ್ಸೋದ್ರಲ್ಲಿ ಪಕ್ಕದಲ್ಲಿ ಒಬ್ಬ ಫ್ರೆಂಡ್ ಇರೋದಕ್ಕೆ ಇರೋ ಶಕ್ತಿ ನನಗೂ ನಿಮಗೂ ಇಲ್ಲ.

ಈಗ ದಾಖಲೆ. ಸ್ಟಿಕ್ಕರ್ ಹಾಕಿದ ಮೆಸೇಜ್‌ಗಳನ್ನ ತಾರೀಖು, ಟೈಮ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ. ಹೆಸರು ಸೇವ್ ಆಗಿದ್ರೆ ನಂಬರ್ ಕಾಣಲ್ಲ, ಆ ಹೆಸರಿನ ಮೇಲೆ ಒತ್ತಿ ನಂಬರ್ ಬರೋ ಪೇಜ್‌ದೂ ಒಂದು ತಗೊಳ್ಳಿ, ಇದನ್ನ ಎಲ್ರೂ ಮರೀತಾರೆ. ಆಮೇಲೆ ಸ್ಕೂಲಿಗೆ ಹೋಗಿ ಕ್ಲಾಸ್ ಟೀಚರ್ ಜೊತೆ ಮುಖಾಮುಖಿ ಕೂತು ಮಾತಾಡಿ, ಬರವಣಿಗೆಲಿ ಕೊಡಿ, ಕಾಪಿ ಮೇಲೆ ಸಹಿ ಹಾಕಿಸ್ಕೊಳ್ಳಿ. ಕೇಳ್ಬೇಕಾದ್ದು ಏನಂದ್ರೆ ಆ ಮಕ್ಕಳು ಸ್ಟಿಕ್ಕರ್ ಡಿಲೀಟ್ ಮಾಡ್ಬೇಕು, ಒಬ್ಬೊಬ್ರ ತಂದೆತಾಯಿನ ಬೇರೆ ಬೇರೆಯಾಗಿ ಕರೆಸಿ ಹೇಳ್ಬೇಕು, ಮತ್ತೆ ಅಸೆಂಬ್ಲಿಲಿ ನಿಮ್ ಮಗಳ ಹೆಸರು ಎತ್ತಿ ಭಾಷಣ ಮಾಡ್ಬಾರ್ದು, ಅದೊಂದನ್ನ ಒತ್ತಿ ಹೇಳಿ. ಪೇರೆಂಟ್ಸ್ ಗ್ರೂಪಲ್ಲಿ ಈ ಸ್ಕ್ರೀನ್‌ಶಾಟ್ ಹಾಕೋಕೆ ಕೈ ತುರಿಸುತ್ತೆ ನಿಮ್ಗೆ, ಹಾಕ್ಬೇಡಿ. ನಲವತ್ತು ಮಕ್ಕಳು ನೋಡಿದ್ದನ್ನ ಎಂಬತ್ತು ದೊಡ್ಡೋರೂ ನೋಡಿದಂಗಾಗುತ್ತೆ ಅಷ್ಟೇ, ಮಧ್ಯರಾತ್ರಿವರೆಗೂ ಜಗಳ ಬೇರೆ.

ಪೊಲೀಸ್ ಕೇಳಿದ್ರಿ. ಬರೀ ಗೇಲಿ ಮಾಡೋ ಸ್ಟಿಕ್ಕರ್‌ಗೆ ನೇರವಾಗಿ ಕೂರೋ ಸೆಕ್ಷನ್ ಸಿಗೋದು ಕಷ್ಟ. ಐಟಿ ಕಾಯ್ದೆ 66ಎ ಹಾಕ್ಸಿ ಅಂತ ಈಗಲೂ ಹೇಳೋರಿದಾರೆ, ಅದನ್ನ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಹಾಗಾಗಿ ಇದು ಸ್ಕೂಲ್ ಮಟ್ಟದಲ್ಲೇ ಮುಗೀಬೇಕಾದ್ದು. ಆದ್ರೆ ನಾಳೆ ಅದೇ ಮುಖನ ಯಾವುದೋ ಬೆತ್ತಲೆ ಫೋಟೋಗೆ ಅಂಟಿಸಿದ್ರು ಅಂದ್ರೆ, ಈಗ ಎಐ ಆಪ್‌ಗಳಲ್ಲಿ ಅದು ಸುಲಭ ಆಗೋಗಿದೆ, ಆಗ ಮಾತೇ ಬೇರೆ, ಅದು ಐಟಿ ಕಾಯ್ದೆ 67ಬಿ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಜೊತೆಗೆ ಪೋಕ್ಸೋ. ಆಗ ಸ್ಕೂಲ್ ಏನಂತಾರೋ ಅಂತ ಕಾಯ್ಬೇಡಿ, ಸೈಬರ್ ಅಪರಾಧ ನೋಡ್ಕೊಳೋ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ ಅಥವಾ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳು ಅನ್ನೋ ವಿಭಾಗದಲ್ಲಿ ಹಾಕಿ, ಅಲ್ಲಿ ಹೆಸರು ಹೇಳ್ದೇನೂ ದೂರು ಕೊಡ್ಬಹುದು. ಅಂಥ ಫೋಟೋನ "ಸಾಕ್ಷಿ" ಅಂತ ನೆಂಟರಿಗೆ, ಟೀಚರ್‌ಗೆ ಫಾರ್ವರ್ಡ್ ಮಾಡೋಕೆ ಮಾತ್ರ ಹೋಗ್ಬೇಡಿ, ಫಾರ್ವರ್ಡ್ ಮಾಡೋದೂ ಅಪರಾಧಾನೇ. ಫೋನನ್ನೇ ತಗೊಂಡು ಹೋಗಿ ತೋರ್ಸಿ.

ಪ್ರಶ್ನೆ: ನಮಸ್ಕಾರ್ರೀ ಮೇಡಂ, ನಾವು ಧಾರವಾಡದವ್ರು. ನಮ್ಮ ಹುಡುಗ ಹತ್ತನೇತ್ತಾ ಅದಾನ್ರಿ. ರಾತ್ರಿ ಎರಡು ಹೊಡದ್ರೂ ಗೇಮ್ ಬಿಡಂಗಿಲ್ಲ, ಬೈದ್ರ ಊಟ ಬಿಡ್ತಾನ. ಹೋದ ತಿಂಗಳ ಫೋನ್ ಕಸಗೊಂಡ್ವಿ, ಬಾಗ್ಲಾ ಒದ್ದು ಚಿಲಕ ಮುರದಾನ್ರಿ. ಇದು ರೋಗ ಏನ್ರಿ? ಬೆಂಗ್ಳೂರಿಗೆ ನಿಮ್ಹಾನ್ಸಿಗೆ ಕರಕೊಂಡ ಹೋಗಬೇಕೇನು?

ಉತ್ತರ: ಗೇಮ್ ಆಡೋ ಹುಡುಗ್ರೆಲ್ಲಾ ರೋಗಿಗಳಲ್ಲ ಸರ್. ಗೇಮಿಂಗ್ ಡಿಸಾರ್ಡರ್ ಅಂತ ಡಬ್ಲ್ಯೂಎಚ್‌ಒ ರೋಗಗಳ ಪಟ್ಟಿಯಲ್ಲಿದೆ, 2022ರಿಂದ ಜಾರಿಲಿದೆ, ಆದ್ರೆ ಅದಕ್ಕೆ ಲೆಕ್ಕ ಇದೆ: ನಿಲ್ಸೋಕೆ ಆಗ್ತಿಲ್ಲ, ಊಟ ನಿದ್ದೆ ಓದು ಎಲ್ಲದಕ್ಕಿಂತ ಆಟವೇ ಮುಂದೆ, ಹಾಳಾಗ್ತಿದೆ ಅಂತ ಗೊತ್ತಿದ್ರೂ ಮುಂದುವರಿಕೆ, ಇದು ಸಾಮಾನ್ಯವಾಗಿ ಒಂದು ವರ್ಷ ಕಂಡ್ರೆ ಆ ಹೆಸರು ಕೊಡ್ತಾರೆ. ನಿಮ್ ಮಗಂಗೆ ಅಷ್ಟು ಆಗಿದೆಯೋ ಇಲ್ವೋ ಪತ್ರ ನೋಡಿ ಹೇಳೋಕಾಗಲ್ಲ, ಆದ್ರೆ ಚಿಲಕ ಮುರಿದಿದಾನೆ ಅಂದ್ರೆ ತೋರಿಸೋದೇ ಒಳ್ಳೇದು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ, ಆದ್ರೆ ನೀವು ಅಷ್ಟು ದೂರ ಯಾಕೆ ಹೋಗ್ತೀರಿ, ನಿಮ್ಮೂರಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆಯಲ್ಲ, ಮೊದ್ಲು ಅಲ್ಲಿಗೆ ಹೋಗಿ.

ಮನೇಲಿ ಮಾಡ್ಬಹುದಾದ್ದು ಒಂದಿದೆ. ಈ ಬ್ಯಾಟಲ್ ಗೇಮ್‌ಗಳಲ್ಲಿ ನಾಲ್ಕು ಜನ ಸ್ಕ್ವಾಡ್ ಕಟ್ಕೊಂಡು ಆಡ್ತಾರೆ, ಒಂದು ಮ್ಯಾಚು ಹೆಚ್ಚುಕಮ್ಮಿ ಅರ್ಧ ಗಂಟೆ, ನಡುವೆ ನಿಲ್ಸೋ ಬಟನ್ನೇ ಇಲ್ಲ. ಮಧ್ಯದಲ್ಲಿ ನೀವು ಫೋನ್ ಕಸ್ಕೊಂಡ್ರೆ ಉಳಿದ ಮೂವರು ಅವ್ನಿಗೆ ಬಾಯಿಗೆ ಬಂದಂಗೆ ಬೈತಾರೆ, ಬಾಗಿಲು ಒದೆಯೋ ಸಿಟ್ಟು ಅರ್ಧ ಅಲ್ಲಿಂದ್ಲೇ ಬರೋದು. ಅದಕ್ಕೆ ಗಂಟೆ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕದಲ್ಲಿ ಮಾತಾಡ್ಕೊಳ್ಳಿ, ಎರಡು ಮ್ಯಾಚು, ಹತ್ತಕ್ಕೆ ಮುಂಚೆ ಮುಗೀಬೇಕು, ಆಮೇಲೆ ಎಲ್ಲರ ಫೋನೂ, ನಿಮ್ಮದೂ ಸೇರಿ, ಹಾಲ್‌ನಲ್ಲಿ ಚಾರ್ಜಿಗೆ. ಯಾರ ಜೊತೆ ಆಡ್ತಾನೆ ಅಂತ ಪಕ್ಕ ಕೂತು ಒಂದಿನ ಕೇಳಿ, ವಾಯ್ಸ್ ಚಾಟ್‌ನಲ್ಲಿ ಯಾರಿದಾರೆ, ಏನ್ ಭಾಷೆ ಬಳಸ್ತಾರೆ ಅಂತ. ಡೈಮಂಡು, ಯುಸಿ ಅಂತ ಗೇಮ್ ಒಳಗಿನ ದುಡ್ಡು ಏನಾದ್ರೂ ಕೊಂಡಿದಾನಾ ಅಂತ ನಿಮ್ ಬ್ಯಾಂಕ್ ಮೆಸೇಜೂ ನೋಡಿ. ದುಡ್ಡು ಕಟ್ಟಿ ಗೆಲ್ಲೋ ಆನ್‌ಲೈನ್ ಆಟಗಳನ್ನ 2025ರ ಕಾನೂನು ನಿಷೇಧ ಮಾಡಿದೆ, ಆದ್ರೆ ಗೇಮ್ ಒಳಗೆ ಬಟ್ಟೆ, ಗನ್ ಕೊಳ್ಳೋದು ಅದ್ರಲ್ಲಿ ಬರಲ್ಲ.

ಪ್ರಶ್ನೆ: ಬೆಂಗಳೂರಿಂದ ಬರೀತಿದೀನಿ. ನನ್ ಮಗ ಸೆಕೆಂಡ್ ಪಿಯು, ಅವ್ರ ಕಾಲೇಜಿನ ಹೆಸರಲ್ಲಿ ಇನ್‌ಸ್ಟಾ ಕನ್ಫೆಷನ್ ಪೇಜ್ ನಡೆಸ್ತಿದ್ನಂತೆ. ಯಾರೋ ಒಬ್ಬ ಹುಡುಗಿ ಬಗ್ಗೆ ಕೆಟ್ಟದಾಗಿ ಪೋಸ್ಟ್ ಬಂದಿದೆ, ಅವ್ಳ ಮನೆಯವ್ರು ಕಾಲೇಜಿಗೆ ಬಂದು ಗಲಾಟೆ ಮಾಡಿದಾರೆ. ನನ್ ಮಗ ಅದನ್ನ ಬರೆದಿಲ್ಲ, ಯಾರೋ ಕಳಿಸಿದ್ದನ್ನ ಹಾಕಿದಾನೆ ಅಷ್ಟೇ. ಒಳ್ಳೇ ಹುಡುಗ ಮೇಡಂ, 92 ಪರ್ಸೆಂಟ್ ತೆಗೆದವ್ನು. ಅವ್ನ ಭವಿಷ್ಯ ಹಾಳಾಗದ ಹಾಗೆ ಏನ್ ಮಾಡೋದು?

ಉತ್ತರ: ಈ ಪತ್ರ ಬರೆಯೋಕೆ ನಿಮ್ಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ಗೊತ್ತು, ಮಗನ ಮೇಲೆ ಬೇರೆಯವ್ರು ತಪ್ಪು ಮಾಡಿದಾಗ ಬರೆಯೋರು ನೂರು ಜನ, ಮಗನೇ ಮಾಡಿದಾಗ ಬರೆಯೋರು ಒಬ್ರೋ ಇಬ್ರೋ. ಆದ್ರೆ "ಹಾಕಿದಾನೆ ಅಷ್ಟೇ" ಅನ್ನೋದನ್ನ ನಾನು ಒಪ್ಪಲ್ಲ.

ಕನ್ಫೆಷನ್ ಪೇಜ್ ಹೇಗೆ ನಡೆಯುತ್ತೆ ಅಂತ ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಬಯೋದಲ್ಲಿ ಒಂದು ಗೂಗಲ್ ಫಾರ್ಮ್ ಲಿಂಕ್ ಇರುತ್ತೆ, ಯಾರ್ ಬೇಕಾದ್ರೂ ಹೆಸರಿಲ್ದೆ ಬರೆದು ಕಳಿಸ್ಬಹುದು, ಅವೆಲ್ಲಾ ಅಡ್ಮಿನ್ ಹತ್ರ ಒಂದು ಶೀಟ್‌ನಲ್ಲಿ ಸಾಲಾಗಿ ಬಂದು ಬೀಳ್ತವೆ. ಅದ್ರಲ್ಲಿ ಯಾವುದು ಹಾಕ್ಬೇಕು ಯಾವುದು ಬೇಡ ಅಂತ ಆರಿಸೋದು ಅಡ್ಮಿನ್ನೇ, ಬಣ್ಣದ ಬ್ಯಾಕ್‌ಗ್ರೌಂಡ್ ಮೇಲೆ ಟೈಪ್ ಮಾಡಿ ಹಾಕೋನೂ ಅವ್ನೇ. ಅಂದ್ರೆ ನಿಮ್ ಮಗ ಅದನ್ನ ಓದಿದಾನೆ, ಆ ಹುಡುಗಿ ಯಾರು ಅಂತ ಗೊತ್ತಾಗಿದೆ, ಲೈಕ್ ಬರುತ್ತೆ ಅನ್ಸಿದೆ, ಹಾಕಿದಾನೆ. ವಾಟ್ಸಾಪ್ ಗ್ರೂಪಲ್ಲಿ ಮೆಂಬರ್ ಹಾಕಿದ ಪೋಸ್ಟ್‌ಗೆ ಅಡ್ಮಿನ್ ಹೊಣೆ ಅಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಅದನ್ನ ಯಾರಾದ್ರೂ ನಿಮ್ಗೆ ಫಾರ್ವರ್ಡ್ ಮಾಡಿ ಧೈರ್ಯ ಹೇಳ್ಬಹುದು, ಆದ್ರೆ ಇಲ್ಲಿ ಮೆಂಬರ್ ಹಾಕಿಲ್ಲ, ಇವ್ನೇ ಪಬ್ಲಿಷ್ ಮಾಡಿರೋದು.

ಮಾಡ್ಬೇಕಾದ್ದು: ಪೇಜ್ ಇವತ್ತೇ ಹೈಡ್ ಮಾಡಿಸಿ, ಡಿಲೀಟ್ ಬೇಡ, ಆ ಶೀಟೂ ಹಾಗೇ ಇರ್ಲಿ, ಅಳಿಸಿದ್ರೆ ಸಾಕ್ಷಿ ನಾಶ ಅಂತಾಗುತ್ತೆ. ಅವ್ನೇ ಪ್ರಿನ್ಸಿಪಾಲ್ ಮುಂದೆ ಹೋಗಿ ನಾನೇ ನಡೆಸ್ತಿದ್ದಿದ್ದು ಅಂತ ಹೇಳ್ಲಿ, ನೀವು ಪಕ್ಕದಲ್ಲಿರಿ, ಅವ್ನ ಪರವಾಗಿ ಮಾತಾಡ್ಬೇಡಿ. ಕೇಸ್ ಆಗೋ ಹಾಗಿದ್ರೆ ವಕೀಲ್ರನ್ನ ಮೊದ್ಲು ನೋಡಿ, ಪೋಸ್ಟ್ ಹಾಕಿದ ದಿನ 18 ತುಂಬಿರ್ಲಿಲ್ಲ ಅಂದ್ರೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ, ತುಂಬಿದ್ರೆ ಮಾಮೂಲಿ ಕೋರ್ಟು, ವಯಸ್ಸು ಇಲ್ಲಿ ಬಹಳ ಮುಖ್ಯ. ಸ್ಟೋರಿಯಲ್ಲಿ ಕೈ ಮುಗಿದು ಸಾರಿ ವಿಡಿಯೋ ಹಾಕೋದು ಬೇಡ, ಆ ಹುಡುಗಿ ಹೆಸರು ಇನ್ನೊಂದ್ಸಲ ಊರೆಲ್ಲಾ ಓಡಾಡುತ್ತೆ. ಅವ್ಳಿಗೆ ಕ್ಷಮಾಪಣೆ ಬೇಕಾ ಅಂತ ಕಾಲೇಜಿನವ್ರ ಮೂಲಕ ಕೇಳಿಸಿ, ಬೇಕು ಅಂದ್ರೆ ಕೈಬರಹದಲ್ಲಿ ಒಂದು ಪತ್ರ, ಬೇಡ ಅಂದ್ರೆ ಅವ್ಳ ಕಣ್ಣಿಗೆ ಬೀಳದ ಹಾಗೆ ಇರ್ಲಿ.

ಮತ್ತೆ ಮನೇಲಿ ಒಂದು ಮಾತು ಕೇಳಿ, ಅವ್ನ ಬಗ್ಗೆನೂ ಯಾವಾಗ್ಲಾದ್ರೂ ಯಾರಾದ್ರೂ ಇಂಥದ್ದು ಹಾಕಿದ್ರಾ ಅಂತ. ಗೋಳಾಡಿಸೋ ಮಕ್ಕಳಲ್ಲಿ ಎಷ್ಟೋ ಜನ ಹಿಂದೆ ಯಾವತ್ತೋ ಗೋಳಾಡಿದವ್ರೇ. ಅದು ಅವ್ನು ಮಾಡಿದ್ದನ್ನ ಸರಿ ಮಾಡಲ್ಲ. ಇನ್ನು ಪರ್ಸೆಂಟೇಜ್ ಮಾತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮಾ. 2024ರಲ್ಲಿ ಉತ್ತರ ಪ್ರದೇಶದಲ್ಲಿ ಹತ್ತನೇ ಕ್ಲಾಸಿಗೆ ರಾಜ್ಯಕ್ಕೇ ಮೊದಲು ಬಂದ ಹುಡುಗೀನ ಮುಖದ ಮೇಲಿನ ಕೂದಲು ನೋಡಿ ದೇಶವೆಲ್ಲಾ ಆಡ್ಕೊಂಡ್ರಲ್ಲ, ಹಾಗೆ ಆಡ್ಕೊಂಡವ್ರಲ್ಲಿ ಡಿಗ್ರಿ ಇರೋ ದೊಡ್ಡೋರಿಗೇನೂ ಕಮ್ಮಿ ಇರ್ಲಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಆಸ್ಟ್ರೇಲಿಯಾದಲ್ಲಿ ಮಾಡಿದ ಹಾಗೆ ಇಲ್ಲೂ 16ರ ಒಳಗಿನವ್ರಿಗೆ ಸೋಷಿಯಲ್ ಮೀಡಿಯಾ ಬ್ಯಾನ್ ಮಾಡಿದ್ರೆ ಈ ಎಲ್ಲಾ ತಲೆನೋವು ಮುಗಿಯಲ್ವಾ?

ಉತ್ತರ: ಅರ್ಧ ಮುಗೀಬಹುದು ಸರ್. ಅಲ್ಲಿ 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು, ಅದ್ರಲ್ಲಿ ನಂಗೆ ಇಷ್ಟ ಆಗಿದ್ದು ದಂಡ ಕಂಪನಿಗೆ, ಮಗುಗೂ ಅಪ್ಪ ಅಮ್ಮಂಗೂ ಅಲ್ಲ ಅನ್ನೋದು. ಆದ್ರೆ ನಿಮ್ ಕ್ಲಾಸಲ್ಲೇ ಕೇಳಿ ನೋಡಿ, ಎಷ್ಟು ಮಕ್ಕಳ ಅಕೌಂಟು ಅವ್ರ ನಿಜವಾದ ಹುಟ್ಟಿದ ತಾರೀಖಲ್ಲಿದೆ ಅಂತ. ಇನ್‌ಸ್ಟಾಗೆ ಈಗಲೂ 13 ಆಗಿರ್ಬೇಕು, ಆರನೇ ಕ್ಲಾಸಿನ ಮಗುಗೆ ವರ್ಷ ಹಿಂದಕ್ಕೆ ಹಾಕಿ ಅಕೌಂಟ್ ತೆಗೆದುಕೊಡೋದು ಎಷ್ಟೋ ಮನೇಲಿ ಅಪ್ಪ ಅಮ್ಮನೇ. ಅದ್ರಿಂದ ಇನ್ನೊಂದು ನಷ್ಟ ಏನಂದ್ರೆ, 2025ರ ಫೆಬ್ರವರಿಲಿ ಇಲ್ಲಿ ಶುರು ಮಾಡಿದ ಟೀನ್ ಅಕೌಂಟ್ ಅನ್ನೋ ವ್ಯವಸ್ಥೆ, ಅಕೌಂಟ್ ತಾನಾಗೇ ಪ್ರೈವೇಟ್ ಇರೋದು, ಗೊತ್ತಿಲ್ಲದವ್ರು ಮೆಸೇಜ್ ಮಾಡೋಕಾಗದ ಹಾಗೆ ಇರೋದು, ರಾತ್ರಿ ನೋಟಿಫಿಕೇಷನ್ ನಿಲ್ಲೋದು, ಸುಳ್ಳು ವಯಸ್ಸು ಹಾಕಿದ ಮಗುಗೆ ಅದ್ಯಾವುದೂ ಸಿಗಲ್ಲ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದೊಂದನ್ನ ಹೇಳಿ, ವಯಸ್ಸು ಸರಿ ಮಾಡಿಸಿ ಅಂತ. ಅಂದ ಹಾಗೆ ಮೇಲಿನ ಹಾಸನದ ಪತ್ರದ ಸ್ಟಿಕ್ಕರ್ ಓಡಿದ್ದು ವಾಟ್ಸಾಪಲ್ಲಿ, ಆಸ್ಟ್ರೇಲಿಯಾ ಬ್ಯಾನ್‌ನಲ್ಲಿ ವಾಟ್ಸಾಪ್ ಇಲ್ಲ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸ್. ನಮ್ ಐದು ಜನದ ಗ್ಯಾಂಗಲ್ಲಿ ನಾಲ್ಕು ಜನ ನನ್ ಬಿಟ್ಟು ಬೇರೆ ಗ್ರೂಪ್ ಮಾಡ್ಕೊಂಡಿದಾರೆ, ಸ್ಟೋರಿಲಿ ಗೊತ್ತಾಯ್ತು. ಒಬ್ಳು ನನ್ ಪ್ರತಿ ಪೋಸ್ಟ್ ಕೆಳಗೂ ನಗೋ ಇಮೋಜಿ ಹಾಕ್ತಾಳೆ. ಬ್ಲಾಕ್ ಮಾಡಿದ್ರೆ ಸ್ಕೂಲಲ್ಲಿ ಇನ್ನೂ ರೇಗಿಸ್ತಾರೆ.

ಉತ್ತರ: ಪುಟ್ಟಿ, ಬ್ಲಾಕ್ ಬೇಡ, ರಿಸ್ಟ್ರಿಕ್ಟ್ ಅಂತ ಇದೆ ನೋಡು, ಅವ್ಳ ಪ್ರೊಫೈಲ್‌ಗೆ ಹೋಗಿ ಮೂರು ಚುಕ್ಕಿ ಒತ್ತಿದ್ರೆ ಸಿಗುತ್ತೆ. ಅವ್ಳ ಹೊಸ ಕಾಮೆಂಟ್ ಅವ್ಳಿಗೆ ಮಾತ್ರ ಕಾಣುತ್ತೆ, ಬೇರೆ ಯಾರಿಗೂ ಕಾಣಲ್ಲ, ಮೆಸೇಜ್ ರಿಕ್ವೆಸ್ಟ್‌ಗೆ ಹೋಗುತ್ತೆ, ನೀನು ಆನ್‌ಲೈನ್ ಇದೀಯ ಅಂತಾನೂ ಅವ್ಳಿಗೆ ಗೊತ್ತಾಗಲ್ಲ. ರಿಸ್ಟ್ರಿಕ್ಟ್ ಮಾಡಿದೀಯ ಅಂತ ಅವ್ಳಿಗೆ ನೋಟಿಫಿಕೇಷನ್ ಹೋಗಲ್ಲ.

ಆ ಹೊಸ ಗ್ರೂಪ್ ವಿಷಯಕ್ಕೆ ಆಪ್‌ನಲ್ಲಿ ಬಟನ್ ಇಲ್ಲ ಕಣೇ. ಬೇಜಾರಾಗುತ್ತೆ, ಆಗ್ಲೇಬೇಕು, ದೊಡ್ಡೋರಿಗೂ ಆಗುತ್ತೆ. ನಾಲ್ಕೂ ಜನರನ್ನ ಒಟ್ಟಿಗೆ ಕೇಳೋಕೆ ಹೋಗ್ಬೇಡ, ಒಟ್ಟಿಗಿದ್ದಾಗ ಯಾರೂ ನಿಜ ಹೇಳಲ್ಲ. ಅವ್ರಲ್ಲಿ ನಿಂಗೆ ಸ್ವಲ್ಪ ಹತ್ರ ಇರೋಳು ಯಾರೋ ಅವ್ಳೊಬ್ಳನ್ನೇ ವ್ಯಾನಲ್ಲೋ ಪಿಟಿ ಪೀರಿಯಡ್‌ನಲ್ಲೋ ಕೇಳು, ಏನಾಯ್ತು ಅಂತ. ಆಮೇಲೆ ನಂಗೂ ಬರೆದು ಹೇಳು.

ಕೊನೆಗೆ ಎಲ್ರಿಗೂ ಒಂದು ಸೂಚನೆ. ಈ ಸಲ ಕೆಲವ್ರು ಪತ್ರದ ಜೊತೆ ಮಕ್ಕಳ ಫೋಟೋ, ಆ ಕೆಟ್ಟ ಸ್ಕ್ರೀನ್‌ಶಾಟ್‌ಗಳನ್ನೂ ಲಗತ್ತಿಸಿ ಕಳಿಸಿದಾರೆ. ದಯವಿಟ್ಟು ನಮಗೆ ಕಳಿಸ್ಬೇಡಿ, ಏನಾಗಿದೆ ಅಂತ ಮಾತಲ್ಲಿ ಬರೆದ್ರೆ ಸಾಕು. ಪೋಸ್ಟಲ್ಲಿ ಬಂದ ಪ್ರಿಂಟ್‌ಗಳನ್ನ ಕಳಿಸಿದವ್ರಿಗೇ ವಾಪಸ್ ಮಾಡ್ತಿದೀವಿ.